ಬಾಯಲ್ಲಿ ಅಡಿಕೆ ಹೋಳು

ನನ್ನ ಬಾಯಿ ಅಗಲ. ಇದು ನಾನೇ ಕಟ್ಟಿ ಹೇಳುವ ಮಾತಲ್ಲ, ನಾನು ಹುಟ್ಟಿದ ದಿನವೇ ಅಜ್ಜಿ ನೋಡಿ "ಈ ಕೂಸಿನ ಬಾಯಿಗೆ ಒಂದೂರು ಸಾಲಲ್ಲ" ಅಂದಿದ್ದಳಂತೆ. ಮುದುಕಿಯ ಮಾತು ಸುಳ್ಳಾಗಲಿಲ್ಲ. ಮೊಳಕಾಲ್ಮೂರಿನಲ್ಲಿ ಹುಟ್ಟಿ, ಅಲ್ಲಿ ಆಡುವಷ್ಟು ಆಡಿ, ಉಳಿದದ್ದನ್ನು ಚಳ್ಳಕೆರೆಗೆ ಮದುವೆಯಾಗಿ ಬಂದು ಆಡಿದೆ. ಗಂಡನದು ಶೇಂಗಾ ಎಣ್ಣೆಯ ಮಿಲ್ಲು. ದಿನವಿಡೀ ಮಿಷನ್ನಿನ ಪಕ್ಕ ನಿಲ್ಲುವ ಮನುಷ್ಯನಾದ್ದರಿಂದ ನನ್ನ ಸದ್ದು ಅವರಿಗೆ ಅಷ್ಟಾಗಿ ನಾಟಲಿಲ್ಲ. ಅತ್ತೆಗೆ ನಾಟಿತು. ವಿಭೂತಿ ಹಚ್ಚಿಕೊಳ್ಳುವಾಗಲೆಲ್ಲ ನನ್ನ ಕಡೆ ನೋಡಿಯೇ "ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು" ಅನ್ನುತ್ತಿದ್ದರು. ಆ ಗಾದೆ ಹೇಳಿ ಮುಗಿಸಿದ ಮೇಲೆ ಅದರ ಅರ್ಥ ವಿವರಿಸುತ್ತಾ ಅರ್ಧ ಗಂಟೆ ಅವರೇ ಮಾತಾಡುತ್ತಿದ್ದರು, ಅದು ಬೇರೆ ವಿಷಯ.

ಇಂಥ ಬಾಯಿಗೆ ಮೊದಲ ಸಲ ಬೀಗ ಹಾಕಿದವಳು ನನ್ನ ತಮ್ಮನ ಹೆಂಡತಿ. ಆಂಧ್ರದ ಗಡಿಯ ಹಳ್ಳಿಯ ಹುಡುಗಿ. ದೇವರಿಗೆ ಕೈ ಮುಗಿಯುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ. ಅವಳು ಮೊಳಕಾಲ್ಮೂರಿನ ನಮ್ಮ ಮನೆಗೆ ಕಾಲಿಟ್ಟ ಹೊಸದರಲ್ಲಿ ನಾನು ತವರಿಗೆ ಹೋಗಿದ್ದೆ. ಒಲೆ ಮುಂದೆ ನಿಂತು ಒಗ್ಗರಣೆಗೆ ಸಾಸಿವೆ ಎಷ್ಟು, ಕರಿಬೇವು ಯಾವಾಗ, ಬೆಂಕಿ ಹೆಂಗಿರಬೇಕು ಅಂತ ಅವಳಿಗೆ ಪಾಠ ಮಾಡುತ್ತಿದ್ದೆ. ಆ ಹುಡುಗಿ ಸೌಟು ತಿರುವುತ್ತಲೇ, ತಲೆ ಕೂಡ ಎತ್ತದೆ, "ನೋರು ಮೂಸ್ಕೋ ವದಿನಾ" ಅಂದಳು. ಬಾಯಿ ಮುಚ್ಚು ಅತ್ತಿಗೆ, ಅಂತ. ಪಡಸಾಲೆಯಲ್ಲಿ ಅವ್ವನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ನಾನು ಮಾತ್ರ ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಅಷ್ಟು ವರ್ಷದಲ್ಲಿ ನನಗೆ ಸಮಜೋಡಿ ಒಬ್ಬಳು ಸಿಕ್ಕಿದ್ದಳು. ಅವತ್ತಿನಿಂದ ನನಗೆ ಅವಳು ಅಂದರೆ ಜೀವ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳಿಗೆ ಒಂದು ಹೆಣ್ಣು ಕೂಸು ಹುಟ್ಟಿ, ಅರ್ಧ ದಿನ ಇದ್ದು, ಹೋಯಿತು. ಅವಳು ಇನ್ನೂ ಆಸ್ಪತ್ರೆಯ ಮಂಚದಿಂದ ಏಳುವ ಮೊದಲೇ ಗಂಡಸರು ಕೂಸನ್ನು ಒಯ್ದು ಮಣ್ಣು ಮಾಡಿ ಬಂದಿದ್ದರು. ತೊಟ್ಟಿಲಿಗೆ ಹಾಕದ, ಹೆಸರಿಡದ ಕೂಸಿಗೆ ನಮ್ಮಲ್ಲಿ ಯಾರೂ ಅಳುವ ಹಾಗಿಲ್ಲ, ಅದರ ಮಾತೂ ಎತ್ತುವ ಹಾಗಿಲ್ಲ. ಬಂದವರೆಲ್ಲ "ಇನ್ನೊಂದು ಆಗ್ತೈತೆ ಬಿಡವ್ವ, ಎದ್ದು ಉಣ್ಣು" ಅಂದು, ಕಾಫಿ ಕುಡಿದು ಹೋದರು. ಒಂದು ದಿನ ಅವಳು ಅಡಿಗೆಮನೆಯಲ್ಲಿ ಕೂತು, "ನಾನೂ ಅದರ ಜೊತೆಗೇ ಹೋಗಿದ್ರೆ ಚೆನ್ನಾಗಿತ್ತು" ಅಂದಳು. ಅವ್ವ ಗಾಬರಿಯಾಗಿ "ಬಿಡ್ತು ಅನ್ನು, ಬಿಡ್ತು ಅನ್ನು" ಅಂದಳು. ನಮ್ಮ ಕಡೆ ಯಾರ ಬಾಯಲ್ಲಾದರೂ ಕೆಟ್ಟ ಮಾತು ಬಂದರೆ ಎದುರಿಗಿದ್ದವರು ಹಾಗೆ ಅನ್ನಬೇಕು. ಆಡಿದವರು "ಬಿಡ್ತು" ಅನ್ನಬೇಕು. ಆಗ ಆ ಮಾತು ಆಡಿದ್ದು ಲೆಕ್ಕಕ್ಕಿಲ್ಲ, ಅಸ್ತು ಅನ್ನುವ ದೇವತೆ ಕೇಳಿಸಿಕೊಳ್ಳದೆ ಹೋಗುತ್ತಾಳೆ. ಅವಳು "ಬಿಡ್ತು" ಅಂದಳು. ಆಮೇಲೆ ಏನೂ ಅನ್ನಲಿಲ್ಲ.

ಏನೂ ಅಂದರೆ ಏನೂ ಇಲ್ಲ. ತಿಂಗಳುಗಳು ಹೋದವು. ಹೊಸ್ತಿಲು ದಾಟಲ್ಲ, ಬೈಯಲ್ಲ. ತಮ್ಮನಿಗೆ ಸೀರೆ ಅಂಗಡಿ, ಮನೆ ಹಿಂದೆ ಮಗ್ಗ. ಅಂಗಡಿಯ ಫೋನಿನಿಂದ ನನಗೆ ಮಾಡಿ, "ಊಟಕ್ಕೆ ಹಾಕಿದ್ರೆ ಉಣ್ತಾಳೆ. ಕೇಳಿದ್ರೆ ಹೂಂ ಅಂತಾಳೆ. ಅಕ್ಕಾ, ನಂಗೆ ಭಯ ಆಗ್ತೈತೆ ಕಣೆ" ಅಂದ. ಏನು ಭಯ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. "ಬಿಡ್ತು ಅನ್ನೋ" ಅಂದೆ. "ಬಿಡ್ತು" ಅಂತ ಫೋನ್ ಇಟ್ಟ.

ಅದೇ ಹೊತ್ತಿಗೆ ಚಳ್ಳಕೆರೆಯ ನಮ್ಮ ಮಹಿಳಾ ಸಂಘಕ್ಕೆ, ಮನಸ್ಸಿಗೆ ಕಷ್ಟ ಆದವರಿಗೆ ಪ್ರಥಮ ಚಿಕಿತ್ಸೆ ಮಾಡುವುದನ್ನು ಕಲಿಸುತ್ತೇವೆ, ಒಬ್ಬರನ್ನು ಕಳಿಸಿ ಅಂತ ಆಸ್ಪತ್ರೆಯಿಂದ ಕಾಗದ ಬಂತು. ಎಲ್ಲರ ಬೆರಳೂ ಒಟ್ಟಿಗೆ ನನ್ನ ಕಡೆ ತಿರುಗಿತು. ನನ್ನ ಮೇಲೆ ಅಷ್ಟು ನಂಬಿಕೆ ಅಂತ ನಾನು ಹಿಗ್ಗಿದೆ. ನಾನಿಲ್ಲದ ವಾರ ಸಭೆ ಬೇಗ ಮುಗಿಯುತ್ತದೆ ಅನ್ನುವುದು ಅವರ ಲೆಕ್ಕಾಚಾರ ಅಂತ ಆಮೇಲೆ ತಿಳಿಯಿತು. ಮುಂಡೇವು. ಆದರೆ ಅವರು ಕಳಿಸದಿದ್ದರೂ ಹೋಗುತ್ತಿದ್ದೆ. ಮೊಳಕಾಲ್ಮೂರಿನಲ್ಲಿ ಅವಳು ಏನಾದರೂ ಮಾಡಿಕೊಳ್ಳುವ ಮೊದಲು ನನಗೆ ಏನಾದರೂ ಗೊತ್ತಾಗಬೇಕಿತ್ತು.

ಕಲಿಸಲು ಬಂದಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮೇಡಂ. ಪುಸ್ತಕದಿಂದ ಈಗ ತಾನೇ ಇಳಿದು ಬಂದ ಹಾಗೆ ಕನ್ನಡ. ಪ್ರಥಮ ಚಿಕಿತ್ಸೆ ಅಂದಮೇಲೆ ಕೆಂಪು ಗುರುತಿನ ಡಬ್ಬಿ, ಅದರಲ್ಲಿ ಹತ್ತಿ, ಟಿಂಚರು, ಬ್ಯಾಂಡೇಜು ಇರುತ್ತದೆ ಅಂತ ನಾವೆಲ್ಲ ಬಂದಿದ್ದೆವು. ಮಧ್ಯಾಹ್ನದವರೆಗೆ ಕಾದು, ತಳಕಿನ ಕಡೆಯ ಒಬ್ಬ ಅಂಗನವಾಡಿ ಟೀಚರು ಎದ್ದು, "ಮೇಡಂ, ಡಬ್ಬಿ ಯಾವಾಗ ಕೊಡ್ತೀರಿ" ಅಂದರು.

"ಡಬ್ಬಿ ಇಲ್ಲ. ನಿಮ್ಮ ಕಿವಿಗಳೇ ಡಬ್ಬಿ" ಅಂದರು ಮೇಡಂ. ನಾವು ಒಬ್ಬೊಬ್ಬರೇ ಕಿವಿ ಮುಟ್ಟಿ ನೋಡಿಕೊಂಡೆವು. ಓಲೆ ಇದ್ದವು, ಬೇರೆ ಏನೂ ಇರಲಿಲ್ಲ.

ಕಲಿಸಿದ್ದು ಕೇಳಲು ಸುಲಭ. ಕಷ್ಟದಲ್ಲಿರುವವರ ಪಕ್ಕ ಕೂರಬೇಕು. ಅವರು ಹೇಳುವುದನ್ನು ಕೇಳಬೇಕು. ಬುದ್ಧಿ ಹೇಳಬಾರದು, ಹೋಲಿಸಬಾರದು, ಮಧ್ಯೆ ಬಾಯಿ ಹಾಕಬಾರದು. ನಮ್ಮೂರಲ್ಲಿ ಯಾರಿಗಾದರೂ ಕಷ್ಟ ಅಂದರೆ ಕೇಳುವವರು ಇಲ್ಲ, ಹೇಳುವವರು ಬೀದಿ ತುಂಬ. ಅಭ್ಯಾಸಕ್ಕೆ ಅಂತ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಒಬ್ಬರು ಕಷ್ಟದ ಪಾತ್ರ ಮಾಡಬೇಕು, ಇನ್ನೊಬ್ಬರು ಸುಮ್ಮನೆ ಕೇಳಬೇಕು. ನನ್ನ ಜೋಡಿ ಅದೇ ಅಂಗನವಾಡಿ ಟೀಚರು. "ನನ್ನ ಗಂಡ ಕುಡೀತಾನೆ" ಅಂತ ಶುರು ಮಾಡಿದರು. ಅವರ ಎರಡನೇ ವಾಕ್ಯ ಮುಗಿಯುವುದರೊಳಗೆ ನಾನು, ಅವನಿಗೆ ಅನ್ನ ಹಾಕಬೇಡ, ಮಕ್ಕಳನ್ನು ಕರಕೊಂಡು ತವರಿಗೆ ಹೋಗು, ಅಣ್ಣತಮ್ಮಂದಿರನ್ನು ಕರೆಸಿ ಪಂಚಾಯ್ತಿ ಸೇರಿಸು ಅಂತ ಆಕೆಯ ಸಂಸಾರವನ್ನೇ ಬಿಚ್ಚಿ ಕೈಗೆ ಕೊಟ್ಟಿದ್ದೆ.

"ತಾಯಿ, ಇದು ನಾಟಕ" ಅಂದರು ಆಕೆ. "ನಮ್ಮನೆಯವರು ಕಾಫೀನೂ ಕುಡಿಯಲ್ಲ."

ಮತ್ತೆ ಮಾಡಿಸಿದರು, ಮತ್ತೆ ಅದೇ ಕತೆ. ಬಾಯಿ ನನ್ನದೇ, ಆದರೆ ನನ್ನ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಟೀಚರು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಒಂದು ಅಡಿಕೆ ಹೋಳು ನನ್ನ ಅಂಗೈಗೆ ಹಾಕಿದರು. "ಇದನ್ನ ದವಡೇಲಿ ಇಟ್ಕೊಳ್ರಿ. ಕರಗೋವರೆಗೂ ಬಾಯಿ ತೆರೀಬೇಡ್ರಿ."

"ಅಡಿಕೆ ಕರಗಲ್ವಲ್ರೀ."

"ಅದಕ್ಕೇ ಕೊಟ್ಟಿದ್ದು."

ಅಡಿಕೆ ಬಾಯಲ್ಲಿದ್ದಾಗ ನಾನು ಬದುಕಿನಲ್ಲಿ ಮೊದಲ ಸಲ ಇನ್ನೊಬ್ಬರ ಮಾತನ್ನು ಕೊನೆಯ ತನಕ ಕೇಳಿದೆ. ಜನರ ಮಾತಿಗೆ ಕೊನೆ ಅಂತ ಒಂದು ಇರುತ್ತದೆ, ಮತ್ತು ಮುಖ್ಯವಾದದ್ದು ಅಲ್ಲೇ ಇರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಎರಡನೇ ದಿನ ಮೇಡಂ ಕರಿಹಲಗೆಯ ಮೇಲೆ ಒಂದು ಪ್ರಶ್ನೆ ಬರೆದರು. "ಸಾಯಬೇಕು ಅನ್ನಿಸುತ್ತಿದೆಯಾ?" ತೀರಾ ಕುಗ್ಗಿದವರನ್ನು ಕಂಡರೆ ಹೀಗೆ ನೇರವಾಗಿ ಕೇಳಬೇಕು, ಈಗ ನಿಮ್ಮ ಜೋಡಿಗೆ ಜೋರಾಗಿ ಕೇಳಿ ಅಂದರು.

"ಬಿಡ್ತು ಅನ್ರಿ ಮೇಡಂ" ಅಂತ ಇಡೀ ಕೋಣೆ ಒಂದೇ ಉಸಿರಿಗೆ ಕೂಗಿತು.

"ಏನು ಬಿಡಬೇಕು?" ಅಂದರು ಮೇಡಂ, ಪಾಪ. ಮೂಲೆಯಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಎದ್ದು ಹೋಗಿ, ಮೇಡಂ ಕೈ ಹಿಡಿದು, ಅವರ ಬಾಯಿಂದ "ಬಿಡ್ತು" ಅನ್ನಿಸಿದ ಮೇಲೆಯೇ ಕೂತರು.

ಆಮೇಲೆ ಆ ಪ್ರಶ್ನೆಯನ್ನು ಕೇಳಿಸಲು ಮೇಡಂ ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ಒಬ್ಬಳು "ಹಂಗೆ ಆಗ್ಬೇಕು ಅನ್ನಿಸ್ತೈತಾ" ಅಂದಳು. ಇನ್ನೊಬ್ಬಳು "ದೂರ ಹೋಗಿಬಿಡೋಣ ಅನ್ನಿಸ್ತೈತಾ" ಅಂದರೆ ಅವಳ ಜೋಡಿ "ಎಲ್ಲಿಗೆ, ತಿರುಪತಿಗಾ" ಅಂತ ಕೇಳಿದಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುವುದಿಲ್ಲವಾ ಅಂತ ನಾನೇ ತಗಾದೆ ತೆಗೆದೆ. "ಜ್ವರ ಬಂದಿದೆಯಾ ಅಂತ ಕೇಳಿದರೆ ಜ್ವರ ಬರುತ್ತದಾ?" ಅಂದರು ಮೇಡಂ. "ಬರ್ತೈತೆ ಮೇಡಂ, ಬೆಳಿಗ್ಗೆ ಇಸ್ಕೂಲಿಗೆ ಹೊರಟ ಹುಡುಗ್ರನ್ನ ಕೇಳಿ ನೋಡ್ರಿ" ಅಂದರು ಅಂಗನವಾಡಿ ಟೀಚರು. ಮೇಡಂ ಕೂಡ ನಕ್ಕರು. ನಕ್ಕು, ಆಮೇಲೆ ಕುರ್ಚಿ ಎಳೆದು ನಮ್ಮ ಮುಂದೆ ಕೂತು ಹೇಳಿದರು. ನೀವು ಸುತ್ತಿ ಬಳಸಿ ಕೇಳಿದರೆ, ಇವರಿಗೆ ನನ್ನ ಮಾತು ಕೇಳಲು ಭಯ ಅಂತ ಅವರಿಗೆ ಗೊತ್ತಾಗುತ್ತದೆ, ಒಳಗೇ ಇಟ್ಟುಕೊಳ್ಳುತ್ತಾರೆ. ಬಾಯಿ ಬಿಟ್ಟು ಕೇಳಿದರೆ ಅವರ ಎದೆ ಹಗುರಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ತಿರ ಕರೆತನ್ನಿ.

ನನ್ನ ನಗು ನಿಂತಿತು. ಅಡಿಗೆಮನೆಯಲ್ಲಿ ಅವಳು "ಬಿಡ್ತು" ಅಂದಿದ್ದು ಕಿವಿಯಲ್ಲಿ ಕೇಳಿಸಿತು. ಸಂಜೆಯ ಹೊತ್ತಿಗೆ ಅರ್ಧ ಜನ ಕಣ್ಣು ಮುಚ್ಚಿಕೊಂಡಾದರೂ ಆ ಪ್ರಶ್ನೆ ಕೇಳಿದರು. ನಾನು ಕೇಳಲಾರದೆ ಹೋದೆ. ಜಗತ್ತಿನಲ್ಲಿ ಆಡದ ಮಾತೇ ಇಲ್ಲ ಅನ್ನುವ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಹೊರಡುವಾಗ ಮೇಡಂ ಮನೆಪಾಠ ಕೊಟ್ಟರು. ಒಂದು ವಾರ ಮನೆಯವರು ಏನು ಹೇಳಿದರೂ ಬುದ್ಧಿ ಹೇಳದೆ, ಅಡ್ಡ ಬಾಯಿ ಹಾಕದೆ ಕೇಳಬೇಕು. ಮನೆಯಲ್ಲಿ ಯಾರಿಗೂ ಹೇಳದೆ, ಸಂಘದವರಿಗೂ ಸುಳಿವು ಕೊಡದೆ, ಬಾಯಿಗೆ ಅಡಿಕೆ ಹಾಕಿಕೊಂಡೆ. ಹೇಳಬಹುದಿತ್ತು. ಆದರೆ ಏನಾಗುತ್ತದೋ ನೋಡೋಣ ಅನ್ನುವ ಚಪಲ.

ಮೊದಲು ಸಿಕ್ಕಿದ್ದು ಅತ್ತೆ. ಬೇಳೆ ಆರಿಸುತ್ತಾ, ತನ್ನ ಮದುವೆಯಲ್ಲಿ ತವರಿನವರು ಕೊಟ್ಟ ಕೊಪ್ಪರಿಗೆಯನ್ನು ತನ್ನ ಅತ್ತೆ ನಾದಿನಿಗೆ ದಾಟಿಸಿದ ಕತೆ ತೆಗೆದರು. ಎಷ್ಟೋ ಸಲ ಕೇಳಿದ ಕತೆ. ಯಾವಾಗಲೂ ಅರ್ಧದಲ್ಲಿ ನಾನು "ಹೋಗ್ಲಿ ಬಿಡ್ರಿ ಅತ್ತೆ, ಈಗ ಸ್ಟೀಲ್ ಪಾತ್ರೆ ಕಾಲ" ಅನ್ನುತ್ತಿದ್ದೆ. ಈ ಸಲ ಅನ್ನಲಿಲ್ಲ. ಕತೆ ಅರ್ಧ ದಾಟಿತು. ಅಲ್ಲಿಂದ ಮುಂದೆ ಅವರಿಗೂ ಹೊಸ ಜಾಗ, ಯಾರೂ ಅಲ್ಲಿಯವರೆಗೆ ಬಿಟ್ಟಿರಲಿಲ್ಲವಲ್ಲ. ಕೊಪ್ಪರಿಗೆಯಿಂದ ಕೊಪ್ಪರಿಗೆ ಕೊಡಿಸಿದ ಅಪ್ಪನಿಗೆ, ಅಪ್ಪನಿಂದ ಆತ ಸತ್ತಾಗ ತನ್ನನ್ನು ತವರಿಗೆ ತಡವಾಗಿ ಕಳಿಸಿದ್ದಕ್ಕೆ ಹೋಗಿ ಮುಟ್ಟಿ, ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. "ಯಾಕೆ, ಏನೂ ಮಾತಾಡ್ತಿಲ್ಲ?" ನಾನು ತಲೆಯಾಡಿಸಿದೆ. ಅವರ ಕಣ್ಣಲ್ಲಿ ಮೊದಲ ಅನುಮಾನ ಹುಟ್ಟಿದ್ದು ಆವಾಗ.

ಗಂಡನಿಗೆ ಮೊದಲೆರಡು ದಿನ ಹಬ್ಬ. ಮೂರನೇ ದಿನ ಊಟಕ್ಕೆ ಕೂತವರು, "ಮನೇಲಿ ಕರೆಂಟ್ ಹೋದಂಗೆ ಐತಲ್ಲೇ" ಅಂದರು. ಸಾರಿಗೆ ಉಪ್ಪು ಕಮ್ಮಿ ಅಂತ ಬೇಕಂತಲೇ ಹೇಳಿ ನೋಡಿದರು. ಉಪ್ಪು ತಂದು ಬಡಿಸಿದೆ. ಅದಕ್ಕೆ ನಿಜವಾಗಿ ಹೆದರಿದರು. ಸಂಜೆ ಬಂದು, "ನಂದೇನಾರ ತಪ್ಪಾಗೈತಾ? ಸೀರೆ ಬೇಕಾ?" ಅಂತ ಕೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮೇಡಂ ಹೇಳಿಕೊಟ್ಟ ಹಾಗೆ ಸಹಾನುಭೂತಿಯಿಂದ ನೋಡಿದೆ. ಮಾರನೇ ದಿನ ಸೀರೆ ಬಂತು, ದೊಡ್ಡ ಜರಿ ಅಂಚಿನದು. ಈ ವಿದ್ಯೆಯನ್ನು ಮದುವೆಯಾದ ಹೊಸದರಲ್ಲೇ ಕಲಿಯಬೇಕಿತ್ತು ಅನ್ನಿಸಿತು.

ಅತ್ತೆ ಮಾತ್ರ ಸೀರೆಯಲ್ಲಿ ನಿಲ್ಲುವವರಲ್ಲ. ದೃಷ್ಟಿ ಆಗೈತೆ ಅಂತ ನೀರು ಇಳಿ ತೆಗೆದರು, ಮೆಣಸಿನಕಾಯಿ ಸುಟ್ಟರು. ಘಾಟು ಬರಲಿಲ್ಲ ಅಂತ ಅಕ್ಕಪಕ್ಕದವರಿಗೆ ಹೇಳಿದರು. ಘಾಟು ಬಂದಿತ್ತು, ಕೆಮ್ಮಿ ಕೆಮ್ಮಿ ಅಡಿಕೆ ನುಂಗುವುದರಲ್ಲಿದ್ದೆ. ಕೊನೆಗೆ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು, ಮಂಗಳವಾರ ನನ್ನನ್ನು ಕರಕೊಂಡು ಹೋಗಿ ಕಾಯಿ ಒಡೆಸುವುದು ಅಂತ ತೀರ್ಮಾನಿಸಿದರು. ಇನ್ನು ಆಟ ಸಾಕು, ಹೇಳಿಬಿಡೋಣ ಅಂತ ನಾನು ಅಡಿಕೆ ಉಗಿದು ಬಾಯಿ ತೆರೆದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಅತ್ತೆ ಫೋನಿನಲ್ಲಿ ನನ್ನ ತಮ್ಮನ ಹತ್ತಿರ ಮಾತಾಡುವುದು ಕೇಳಿಸಿತು. "ನಿನ್ನ ಹೆಂಡ್ತೀನ ಕಳಿಸಪ್ಪ. ಇವಳು ಅವಳ ಮಾತು ಕೇಳ್ತಾಳೆ. ಏನು, ಬರ್ತಾಳಾ? ಒಪ್ಪಿದ್ಲಾ?"

ಹೊಸ್ತಿಲು ದಾಟದವಳು ಒಪ್ಪಿದ್ದಳು. ವದಿನ ಮಾತು ಬಿಟ್ಟಿದ್ದಾಳೆ ಅಂದ ಕೂಡಲೇ, ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಎದ್ದು ಕೂತಳಂತೆ. ನಾನು ತೆರೆದ ಬಾಯಿ ಹಾಗೇ ಮುಚ್ಚಿದೆ. ಹೊಸ ಅಡಿಕೆ ಹೋಳು ಹಾಕಿಕೊಂಡೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಲು ನಾನೇನು ಹುಚ್ಚಿಯಾ?

ಮಂಗಳವಾರ ಅತ್ತೆ ನನ್ನ ರಟ್ಟೆ ಹಿಡಿದುಕೊಂಡೇ ಬಸ್ಸಿಗೆ ಹತ್ತಿಸಿದರು. ತಳಕಿನಲ್ಲಿ ಇಳಿದು ಗೌರಸಮುದ್ರದ ಬಸ್ಸು ಹಿಡಿಯಬೇಕು. ತಮ್ಮ ತನ್ನ ಹೆಂಡತಿಯನ್ನು ಅಲ್ಲಿಗೇ ಕರಕೊಂಡು ಬಂದಿದ್ದ. ಅವಳು ಬೇವಿನ ಮರದ ಕೆಳಗೆ ನಿಂತಿದ್ದಳು. ರವಿಕೆ ಹೆಗಲಿನಿಂದ ಜಾರುತ್ತಿತ್ತು, ಕಣ್ಣಲ್ಲಿ ಮನುಷ್ಯರೇ ಇರಲಿಲ್ಲ. ತಮ್ಮ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಯಾರನ್ನು ಯಾರ ಕೈಗೆ ಒಪ್ಪಿಸಬೇಕು ಅಂತ ತಿಳಿಯದೆ ಇಬ್ಬರ ಕೈಯನ್ನೂ ಸೇರಿಸಿ ಇಟ್ಟು, ಅಂಗಡಿ ಬಾಗಿಲು ತೆಗೀಬೇಕು ಅಂತ ವಾಪಸ್ ಬಸ್ಸು ಹತ್ತಿದ. ಅತ್ತೆ, "ಇವಳನ್ನ ನೋಡ್ಕೊಂಡಿರವ್ವ, ಕಾಯಿ ತರ್ತೀನಿ" ಅಂತ ಅವಳಿಗೆ ಹೇಳಿ ಅಂಗಡಿಗಳ ಕಡೆ ಹೋದರು. ಅವರು ಒಂದು ಕಾಯಿ ಕೊಳ್ಳಬೇಕಾದರೆ ಹತ್ತು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ನೋಡುವವರು. ನಮಗೆ ಬೇಕಾದಷ್ಟು ಹೊತ್ತಿತ್ತು.

ಮರದ ಕಟ್ಟೆಯ ಮೇಲೆ ಕೂತೆವು. ಅವಳು ಬಹಳ ಹೊತ್ತು ನನ್ನನ್ನೇ ನೋಡಿ, ಮೆಲ್ಲಗೆ ಕೇಳಿದಳು. "ವದಿನಾ, ನಿಂಗೂ ಹಂಗೇ ಆಗ್ತೈತಾ?"

ತಿಂಗಳುಗಳ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು. ಇಲ್ಲ ಅಂದರೆ ಅವಳು ಮತ್ತೆ ಒಳಗೆ ಹೋಗುತ್ತಾಳೆ, ಹೂಂ ಅಂದರೆ ಸುಳ್ಳಾಗುತ್ತದೆ. ಅಡಿಕೆಯನ್ನು ದವಡೆಗೆ ತಳ್ಳಿ, "ನಿಂಗೆ ಹೆಂಗಾಗ್ತೈತೆ, ಹೇಳು" ಅಂದೆ.

ಹೇಳಿದಳು. ಬೆಳಿಗ್ಗೆ ಎಚ್ಚರ ಆದ ತಕ್ಷಣ ಎದೆ ಮೇಲೆ ಯಾರೋ ಕೂತ ಹಾಗೆ ಆಗುತ್ತದೆ ಅಂದಳು. ಅನ್ನ ಮಣ್ಣಿನ ಹಾಗೆ, ಮಗ್ಗದ ಸದ್ದು ಎಲ್ಲೋ ದೂರದ ಊರಿಂದ ಬಂದ ಹಾಗೆ ಅಂದಳು. ನನ್ನ ನಾಲಿಗೆಯ ತುದಿಗೆ ಎಷ್ಟು ಬುದ್ಧಿಮಾತು ಬಂದವು ಅಂತ ಹೇಳಲಾರೆ. ಕಷಾಯ ಬಂತು, ಜಾಗ ಬದಲಾವಣೆ ಬಂತು, ನಮ್ಮ ಮಿಲ್ಲಿನ ಹಿಂದಿನ ಬೀದಿಯಲ್ಲಿ ಹಿಂಗೇ ಆಗಿ ಸರಿಹೋದವಳ ಕತೆ ಬಂತು. ಅಡಿಕೆ ಎಲ್ಲವನ್ನೂ ತಡೆಯಿತು. ಅವಳು, "ಎಲ್ಲಾ ಸಾಕು ಅನ್ನಿಸ್ತೈತೆ ವದಿನಾ" ಅಂದು ನಿಲ್ಲಿಸಿದಳು.

ಕರಿಹಲಗೆ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಒಬ್ಬ ಮಂಡಕ್ಕಿ ಅಳೆಯುತ್ತಿದ್ದ, ಬಸ್ಸಿಗೆ ಕಾಯುವವರು ಹರಟುತ್ತಿದ್ದರು, ಬಿಸಿಲು ಚೆನ್ನಾಗಿತ್ತು. ಇಂಥ ಮಾತು ಕೇಳುವ ಜಾಗವೇ ಅಲ್ಲ. ಅವಳ ಕೈ ಹಿಡಿದುಕೊಂಡು ಕೇಳಿದೆ.

"ಸಾಯ್ಬೇಕು ಅನ್ನಿಸ್ತೈತಾ?"

ಮಂಡಕ್ಕಿಯವನು ಅಳೆಯುವುದನ್ನು ಬಿಟ್ಟು ತಿರುಗಿ ನೋಡಿದ. ನೋಡಿಕೊಳ್ಳಲಿ.

"ಹೂಂ" ಅಂದಳು. "ದಿನಾ."

ನನ್ನ ಹೊಟ್ಟೆಯ ಆಳದಿಂದ, ಅಜ್ಜಿ ಮುತ್ತಜ್ಜಿಯರ ಕಾಲದಿಂದ, "ಬಿಡ್ತು ಅನ್ನು" ಎದ್ದು ಬಂತು. ಹಲ್ಲು ಕಚ್ಚಿದೆ. ಅಡಿಕೆ ಎರಡು ಹೋಳಾಯಿತು, ಜೊತೆಗೆ ನನ್ನ ದವಡೆ ಹಲ್ಲಿನ ಒಂದು ಚೂರೂ ಹೋಯಿತು. ಅವಳ ತುಟಿ ಆಗಲೇ "ಬಿಡ್ತು" ಅನ್ನಲು ಸಿದ್ಧವಾಗಿ ಕಾಯುತ್ತಿತ್ತು. ನಾನು ಸುಮ್ಮನೆ ಇದ್ದೆ. ಅವಳು ಕಾದಳು. ಆಮೇಲೆ, "ಯಾಕೆ ವದಿನಾ, ಬಿಡ್ತು ಅನ್ನು ಅನ್ನಲ್ವಾ?" ಅಂದಳು.

"ಇಲ್ಲ. ನೀನು ಹೇಳು, ನಾನು ಕೇಳ್ತೀನಿ."

ಅಳಲು ಶುರು ಮಾಡಿದಳು. ಸದ್ದು ಮಾಡಿ, ಮೂಗು ಸುರಿಸಿ, ಬಸ್ ಸ್ಟ್ಯಾಂಡಿನವರೆಲ್ಲ ನೋಡುವ ಹಾಗೆ ಅತ್ತಳು. ಯಾವಾಗಿನಿಂದ ಹೀಗೆ, ಏನು ಯೋಚನೆ ಮಾಡಿದ್ದೀಯ, ಮನೆಯಲ್ಲಿ ಒಬ್ಬಳೇ ಇರುವುದು ಯಾವಾಗ ಅಂತ ಮೇಡಂ ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಉತ್ತರ ಕೊಟ್ಟಳು. ನನಗೆ ಭಯವಾಯಿತು, ತುಂಬ ಭಯವಾಯಿತು, ಆದರೆ ಕೈ ಬಿಡಲಿಲ್ಲ. ಆಮೇಲೆ ಮೇಡಂ ಹೇಳಿಕೊಡದ ಒಂದು ಪ್ರಶ್ನೆ ನನ್ನ ಬಾಯಿಂದ ತಾನಾಗಿ ಬಂತು.

"ಕೂಸು ಯಾರನ್ನ ಹೋಲ್ತಿತ್ತು?"

ಅವಳು ಮುಖ ಎತ್ತಿದಳು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ನಿನ್ನನ್ನೇ" ಅಂದಳು. "ಬಾಯಿ ಇಷ್ಟಗಲ ಇತ್ತು ವದಿನಾ. ಹುಟ್ಟಿದ ಕೂಡ್ಲೇ ಆಸ್ಪತ್ರೆ ಎಲ್ಲಾ ಒಂದು ಮಾಡಿಬಿಡ್ತು. ನರ್ಸಮ್ಮ ಕಿವಿ ಮುಚ್ಕೊಂಡ್ರು."

ನಾನು ಅತ್ತುಬಿಟ್ಟೆ. ಅಷ್ಟಗಲ ಬಾಯಿ ಇಟ್ಟುಕೊಂಡು ಬಂದ ಕೂಸು, ಒಂದೂರಿನಲ್ಲೂ ಮಾತಾಡದೆ ಹೋಯಿತಲ್ಲ ಅಂತ ಅತ್ತೆನೋ, ಅವಳು ಬದುಕಿ ಇದನ್ನು ಹೇಳುತ್ತಿದ್ದಾಳಲ್ಲ ಅಂತ ಅತ್ತೆನೋ, ನನಗೇ ಗೊತ್ತಾಗಲಿಲ್ಲ.

ಆ ಹೊತ್ತಿಗೆ ನಮ್ಮ ಅತ್ತೆ ಕಾಯಿ, ಬಳೆ, ಬೇವಿನ ಸೊಪ್ಪು ಹೊತ್ತು ಬಂದರು. ಕಟ್ಟೆಯ ಮೇಲೆ ಇಬ್ಬರು ಅಳುವುದನ್ನು ನೋಡಿ ಬಾಯಿ ತೆರೆದರು. ಏನು ಬರುತ್ತದೆ ಅಂತ ನನಗೆ ಅಕ್ಷರ ಅಕ್ಷರ ಗೊತ್ತಿತ್ತು. ನನ್ನ ಸೊಂಟದ ಚೀಲದಿಂದ ಒಂದು ಅಡಿಕೆ ಹೋಳು ತೆಗೆದು ಆ ತೆರೆದ ಬಾಯೊಳಗೆ ಇಟ್ಟೆ. "ಅಗೀಬೇಡ್ರಿ ಅತ್ತೆ, ಸುಮ್ನೆ ಇಟ್ಕೊಂಡು ಕುಂತ್ಕೊಳ್ರಿ."

ಸೊಸೆ ಬಾಯಿಗೆ ಅಡಿಕೆ ತುರುಕಿದ್ದಕ್ಕಿಂತ, ಸೊಸೆ ಮಾತಾಡಿದ್ದು ಅವರನ್ನು ಬಡಿದು ಕೂರಿಸಿತು. ನಮ್ಮ ಪಕ್ಕ ಕೂತರು. ಹುಡುಗಿ ಮತ್ತೆ ಶುರು ಮಾಡಿದಳು. ಕೂಸಿನ ತಲೆಯಲ್ಲಿ ಎಷ್ಟು ಕೂದಲಿತ್ತು, ಬೆರಳು ಹೇಗೆ ಹಿಡಿದುಕೊಂಡಿತ್ತು, ಒಯ್ಯುವಾಗ ತನ್ನನ್ನು ಯಾರೂ ಎಬ್ಬಿಸಲಿಲ್ಲ ಅಂತ ಹೇಳಿದಳು. ಅತ್ತೆ ದವಡೆ ಅಲ್ಲಾಡಿಸದೆ ಕೇಳಿದರು. ಒಂದು ಕೈ ಕಾಯಿ ಚೀಲದ ಮೇಲೆ, ಇನ್ನೊಂದು ಅವಳ ಬೆನ್ನ ಮೇಲೆ. ಗೌರಸಮುದ್ರದ ಬಸ್ಸು ಬಂತು, ಕಂಡಕ್ಟರು ಕೂಗಿದ, ಹೋಯಿತು. ನಾವು ಏಳಲಿಲ್ಲ.

ಅವಳನ್ನು ಅಲ್ಲಿಂದ ನೇರ ಚಳ್ಳಕೆರೆಗೆ ಕರಕೊಂಡು ಬಂದೆವು. ಒಂದು ಗಳಿಗೆ ಒಬ್ಬಳನ್ನೇ ಬಿಡಲಿಲ್ಲ. ನಾನು ಸ್ನಾನಕ್ಕೆ ಹೋದರೆ ಅತ್ತೆ ಕಾವಲು, ಅತ್ತೆ ಪೂಜೆಗೆ ಕೂತರೆ ನಾನು. ತಮ್ಮನಿಗೆ ಫೋನಿನಲ್ಲಿ, ಸುತ್ತಿ ಬಳಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಆ ಕಡೆ ಅತ್ತ. ಮೇಡಂ ಹೇಳಿದ ದುರ್ಗದ ಡಾಕ್ಟರ ಹತ್ತಿರ ಕರಕೊಂಡು ಹೋದೆವು. ಮಾತ್ರೆ ಬಂದವು, ಮೇಲಿಂದ ಮೇಲೆ ಓಡಾಟ ಬಂತು. ಒಂದು ತಿಂಗಳು ಚೆನ್ನಾಗಿದ್ದಳು, ಇನ್ನೊಂದು ತಿಂಗಳು ಮತ್ತೆ ಗೋಡೆ ಕಡೆ ತಿರುಗಿದಳು. ಸರಸರ ಅಂತ ಆಗುವ ಕೆಲಸ ಅಲ್ಲ ಅದು. ಅವಳು ಗೆಲುವಾಗಿದ್ದು ಮಾರಮ್ಮನಿಂದಲೇ ಅಂತ ನಮ್ಮ ಅತ್ತೆಯ ವಾದ. ಗುಡಿಗೆ ಹೋಗಲಿಲ್ಲವಲ್ಲ ಅಂದರೆ, "ಹೊರಟಿದ್ವಲ್ಲ" ಅನ್ನುತ್ತಾರೆ. ಮನೆಪಾಠದ ಗುಟ್ಟು ಗೊತ್ತಾದ ಮೇಲೆ ಗಂಡ ಸೀರೆ ವಾಪಸ್ ಕೇಳಿದರು. ಕೊಡಲಿಲ್ಲ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ, ಅದೇ ಒಲೆಯ ಮುಂದೆ, ನಾನು ಅವಳಿಗೆ ಬೇಳೆ ಎಷ್ಟು ಬೇಯಬೇಕು ಅಂತ ಹೇಳುತ್ತಿದ್ದೆ. ಸೌಟು ತಿರುವುತ್ತಲೇ, ತಲೆ ಎತ್ತದೆ, "ನೋರು ಮೂಸ್ಕೋ ವದಿನಾ" ಅಂದಳು.

ನಾನು ಸೊಂಟದ ಚೀಲ ಬಿಚ್ಚಿ ಅಡಿಕೆ ಬಾಯಿಗೆ ಹಾಕಿಕೊಂಡೆ. ನಗು ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ಅವಳು ಪಾತ್ರೆ ನೋಡುತ್ತಾ, "ಅದು ಇದ್ದಿದ್ರೆ ಇಷ್ಟೊತ್ತಿಗೆ ನಡೀತಿತ್ತು" ಅಂದಳು.

ಪಡಸಾಲೆಯಲ್ಲಿ ಅವ್ವನ ಮೊರ ನಿಂತಿತು. ಅವ್ವನ ಬಾಯಿ ತೆರೆದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಅವಳ ಬಾಯಿಗೆ ಹಾಕಲು ನನ್ನ ಹತ್ತಿರ ಇನ್ನೊಂದು ಹೋಳು ಇರಲಿಲ್ಲ. ಅವ್ವ ಬಾಯಿ ಮುಚ್ಚಿದಳು, ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು.

"ನಿನ್ನ ಅತ್ತಿಗೆ ಥರಾನೇ ಇದ್ದಿದ್ರೆ, ನಡೆಯೋದಲ್ಲ, ಓಡ್ತಿತ್ತು" ಅಂದಳು.